ಟ್ರ್ಯಾಕ್ಟರ್ ನೀರು ಕುಡಿಯುತ್ತಿದೆ, ಹೆಡ್ ಇಳಿಸಲೇಬೇಕೇ?

ಪ್ರಶ್ನೆ: ನನ್ನದು ಎಚ್‌ಎಂಟಿ 3511, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಹೋದ ಬೇಸಿಗೆಯಿಂದ ರೇಡಿಯೇಟರ್‌ನಲ್ಲಿ ನೀರು ನಿಲ್ಲುತ್ತಿಲ್ಲ. ದಿನಾ ಬೆಳಿಗ್ಗೆ ಬಾಯಿಮಟ್ಟ ತುಂಬಿಸುತ್ತೇನೆ, ಮರುದಿನ ಮತ್ತೆ ಒಂದೂವರೆ ಲೀಟರ್ ಹಿಡಿಯುತ್ತದೆ. ಟ್ರೇಲರ್ ಓಡಿಸಿದ ದಿನ ಕಡಿಮೆ, ಶೇಂಗಾ ಬಿಡಿಸುವ ಮಷೀನ್‌ಗೆ ಕಟ್ಟಿದ ದಿನ ಜಾಸ್ತಿ. ಕೆಳಗೆ ಒಂದು ಹನಿಯೂ ಬಿದ್ದಿರುವುದಿಲ್ಲ. ಆಯಿಲ್ ಕಪ್ಪಗೇ ಇದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಬಿಳಿ ಹೊಗೆ ಬರುತ್ತದೆ. ಮೆಕ್ಯಾನಿಕ್ ಬಂದು ನೋಡಿ, ‘ಹೆಡ್ ಹೋಗಿದೆ, ಇಳಿಸೋಣ, ಹೇಗೂ ಇಳಿಸ್ತೀವಿ, ಲೈನರ್ ಕಿಟ್ಟೂ ಹಾಕಿಬಿಡೋಣ’ ಅಂದರು (ಹೆಡ್ ಎಂದರೆ ಸಿಲಿಂಡರ್‌ಗಳನ್ನು ಮೇಲಿನಿಂದ ಮುಚ್ಚುವ ಭಾಗ, ಲೈನರ್ ಎಂದರೆ ಪಿಸ್ಟನ್ ಓಡುವ ಕೊಳವೆ). ಪಕ್ಕದ ಹೊಲದವರು ರೇಡಿಯೇಟರ್‌ಗೆ ಅರಿಶಿನ ಹಾಕಿ ಸಾಕು ಅನ್ನುತ್ತಾರೆ. ನೀರು ಕಾಯುವವರೆಗೆ ರೇಡಿಯೇಟರ್ ದಾರಿ ಮುಚ್ಚಿಡುವ ಥರ್ಮೋಸ್ಟಾಟನ್ನು ಹಿಂದಿನ ಮಾಲೀಕರೇ ತೆಗೆಸಿದ್ದಾರೆ. ನಾವು ಹಾಕುವುದು ಬೋರ್ ನೀರು, ಕೂಲಂಟ್ ಯಾವತ್ತೂ ಹಾಕಿಲ್ಲ. ಹೆಡ್ ಇಳಿಸಲೋ, ಗಾಡಿ ಮಾರಿಬಿಡಲೋ? (ಚಳ್ಳಕೆರೆ ತಾಲ್ಲೂಕಿನ ಒಬ್ಬ ರೈತರು)

ಉತ್ತರ: ಎರಡೂ ಬೇಡ, ಸದ್ಯಕ್ಕೆ. ಶೇಂಗಾ ಕೆಲಸದ ನಡುವೆ ಎಂಜಿನ್ ಬಿಚ್ಚಿ ಹರಡಿಕೊಂಡರೆ ಏನಾಗುತ್ತದೆ ಎನ್ನುವುದೇ ನಿಮ್ಮ ಆತಂಕ ಎಂದು ಅರ್ಥವಾಯಿತು. ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸುಳ್ಳು ಅಂತಲೂ ಅಲ್ಲ. ಅವರು ಹೇಳಿದ್ದು ಇರುವ ಐದಾರು ಸಾಧ್ಯತೆಗಳಲ್ಲಿ ಕೊನೆಯದು, ಅತಿ ದುಬಾರಿಯದು. ನೀರು ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಾಗುವ ಮೊದಲು ಸ್ಪ್ಯಾನರ್ ಹಿಡಿಯಬಾರದು. ದಾವಣಗೆರೆಯ ವರ್ಕ್‌ಶಾಪ್‌ಗೆ ‘ಹೆಡ್ ಹೋಗಿದೆ’ ಎಂದು ಬರುವ ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಹೆಡ್ ಮುಟ್ಟದೆಯೇ ವಾಪಸು ಹೋಗುವಂಥವು ಬೇಕಾದಷ್ಟಿರುತ್ತವೆ.

ಮೊದಲು ನಿಮ್ಮ ಲೆಕ್ಕವನ್ನೇ ಸ್ವಲ್ಪ ತಿದ್ದೋಣ. ದಿನಾ ಬಾಯಿಮಟ್ಟ ತುಂಬಿಸುತ್ತೀರಿ ಎಂದಿದ್ದೀರಿ. ಬೆಳಗಿನ 30 ಡಿಗ್ರಿಯ ನೀರು 90 ಡಿಗ್ರಿಗೆ ಏರಿದಾಗ ಶೇಕಡಾ 3ರಷ್ಟು ಹಿಗ್ಗುತ್ತದೆ. ಎಂಜಿನ್ ಮತ್ತು ರೇಡಿಯೇಟರ್ ಸೇರಿ 10 ಲೀಟರ್ ಹಿಡಿಯುತ್ತದೆ ಎಂದುಕೊಂಡರೆ 300 ಮಿಲಿ ನೀರಿಗೆ ಒಳಗೆ ಜಾಗವೇ ಇರುವುದಿಲ್ಲ. ರೇಡಿಯೇಟರ್ ಬಾಯಿಯ ಪಕ್ಕದ ಸಣ್ಣ ಪೈಪಿನಲ್ಲಿ ಅದು ಹೊರಗೆ ಹೋಗಲೇಬೇಕು. ಅಂದರೆ ನಿಮ್ಮ ಒಂದೂವರೆ ಲೀಟರಿನಲ್ಲಿ ಒಂದು ಪಾಲು ಲೀಕೇಜೇ ಅಲ್ಲ, ನೀವೇ ಹೆಚ್ಚಿಗೆ ಹಾಕಿ ಎಂಜಿನ್ ಹೊರಗೆ ಚೆಲ್ಲಿದ್ದು. ರೇಡಿಯೇಟರ್ ಬಾಯಿಂದ ಎರಡು ಬೆರಳು ಕೆಳಗೆ, ಒಳಗಿನ ಟ್ಯೂಬುಗಳು ಮುಳುಗಿರುವಷ್ಟು ನೀರು ಸಾಕು. ಒಂದು ವಾರ ಹಾಗೆ ಮಾಡಿ, ಪ್ರತಿ ದಿನ ಅಳತೆ ಪಾತ್ರೆಯಲ್ಲಿ ಹಾಕಿ ಬರೆದಿಡಿ. ಆಮೇಲೂ ಎಷ್ಟು ಕಡಿಮೆಯಾಗುತ್ತದೋ ಅದು ನಿಜವಾದ ಸೋರಿಕೆ.

ಇನ್ನು ಕ್ಯಾಪ್. ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ರೇಡಿಯೇಟರ್ ಕ್ಯಾಪ್ ಎಂದರೆ ಬರೀ ಮುಚ್ಚಳ ಎಂದುಕೊಂಡವರೇ ಹೆಚ್ಚು. ಸ್ಪ್ರಿಂಗ್ ಸತ್ತ ಕ್ಯಾಪ್, ರಬ್ಬರ್ ಉದುರಿದ ಕ್ಯಾಪ್, ಕೆಲವು ಕಡೆ ಪ್ಲಾಸ್ಟಿಕ್ ಕವರ್ ಸುತ್ತಿ ಬಟ್ಟೆ ಕಟ್ಟಿದ್ದೂ ಉಂಟು. ಚಳ್ಳಕೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. 7 ಪಿಎಸ್‌ಐ ಒತ್ತಡ ಹಿಡಿಯುವ ಒಳ್ಳೆಯ ಕ್ಯಾಪ್ ಇದ್ದರೆ ಅದೇ ನೀರು 110ರ ಹತ್ತಿರ ಬರುವವರೆಗೂ ಕುದಿಯುವುದಿಲ್ಲ. ಮಷೀನ್‌ಗೆ ಕಟ್ಟಿ ನಿಂತಲ್ಲೇ ಗಂಟೆಗಟ್ಟಲೆ ಓಡುವಾಗ ಈ ಹತ್ತು ಹನ್ನೆರಡು ಡಿಗ್ರಿಯೇ ನಿಮ್ಮನ್ನು ಕಾಪಾಡುವುದು. ಕ್ಯಾಪ್ ಸತ್ತಿದ್ದರೆ ಹೆಡ್ಡಿನ ಸುತ್ತ ನೀರು ಕುದಿದು ಹಬೆಯಾಗಿ ಹೋಗುತ್ತದೆ, ನೆಲದ ಮೇಲೆ ಹನಿ ಕಾಣುವುದಿಲ್ಲ. ಟ್ರೇಲರ್ ದಿನ ಕಡಿಮೆ, ಮಷೀನ್ ದಿನ ಜಾಸ್ತಿ ಎಂದು ನೀವು ಬರೆದಿರುವುದಕ್ಕೆ ಇದು ಸರಿಯಾಗಿ ಹೊಂದುತ್ತದೆ. ಹಳೆಯ ಕ್ಯಾಪ್ ಮೇಲೆ ಅಚ್ಚಾಗಿರುವ ಅಂಕಿಯದನ್ನೇ ಹೊಸದಾಗಿ ತನ್ನಿ. ಹೆಚ್ಚು ಒತ್ತಡದ್ದು ಒಳ್ಳೆಯದಿರಬಹುದು ಎಂದು ಕಾರಿನ ಕ್ಯಾಪ್ ಹಾಕಿದರೆ ಹಳೆಯ ರೇಡಿಯೇಟರಿನ ಬೆಸುಗೆ ಬಿಟ್ಟುಕೊಳ್ಳುತ್ತದೆ.

ಮಷೀನ್ ದಿನದ ವಿಷಯದಲ್ಲಿ ಇನ್ನೊಂದಿದೆ. ಶೇಂಗಾ ಬಿಡಿಸುವಾಗ ಏಳುವ ಧೂಳು, ಒಣ ಎಲೆ, ಸಿಪ್ಪೆ ಚೂರು ನೇರ ರೇಡಿಯೇಟರ್ ಜಾಲರಿಗೆ ಹೋಗಿ ಕೂರುತ್ತವೆ. ಈ ಕಡೆ ಹರಿಹರ, ಹೊನ್ನಾಳಿಯ ಗದ್ದೆ ಟ್ರ್ಯಾಕ್ಟರ್‌ಗಳಲ್ಲಿ ಅದೇ ಜಾಗದಲ್ಲಿ ಕೆಸರು ಒಣಗಿರುತ್ತದೆ. ಮುಂದಿನಿಂದ ನೋಡಿದರೆ ಸ್ವಚ್ಛ ಅನ್ನಿಸುತ್ತದೆ. ಹಿಂದೆ ಬಲ್ಬ್ ಹಿಡಿದು ನೋಡಿ, ಬೆಳಕು ಎಷ್ಟು ಕಡೆ ದಾಟಿ ಬರುತ್ತದೆ ಎಂದು ತಿಳಿಯುತ್ತದೆ. ಗಾಳಿ ಅಥವಾ ನೀರು ಹೊಡೆಯುವುದಾದರೆ ಫ್ಯಾನ್ ಕಡೆಯಿಂದ ಹೊರಕ್ಕೆ ಹೊಡೆಯಬೇಕು, ಮೆಲ್ಲಗೆ. ಸರ್ವಿಸ್ ಸ್ಟೇಷನ್ನಿನ ಜೋರು ನೀರಿಗೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಕೆಳಗೆ ಹನಿ ಬೀಳುವುದಿಲ್ಲ, ಆದ್ದರಿಂದ ಹೊರಗಿನ ಲೀಕ್ ಇಲ್ಲ ಎನ್ನುವುದು ನಾನು ಅತಿ ಹೆಚ್ಚು ಕೇಳುವ ತಪ್ಪು ತೀರ್ಮಾನ. ಓಡುವಾಗ ಫ್ಯಾನ್ ಗಾಳಿಗೆ ಹನಿ ಚದುರುತ್ತದೆ, ಬಿಸಿ ಬ್ಲಾಕ್ ಮೇಲೆ ಬಿದ್ದದ್ದು ಅಲ್ಲೇ ಆರುತ್ತದೆ. ಇನ್ನು ಕೆಲವು ಹೋಸ್ ಪೈಪುಗಳು ತಣ್ಣಗಾದಾಗ ಕುಗ್ಗಿ ರಾತ್ರಿ ಮಾತ್ರ ಸೋರುತ್ತವೆ, ಕೊಟ್ಟಿಗೆಯ ಮಣ್ಣು ಬೆಳಗಾಗುವುದರೊಳಗೆ ಕುಡಿದುಬಿಡುತ್ತದೆ. ಒಂದು ರಾತ್ರಿ ಕೆಳಗೆ ರಟ್ಟು ಹಾಸಿ ನೋಡಿ.

ಇಲ್ಲಿ ನಿಮ್ಮ ಗಡಸು ಬೋರ್ ನೀರು ಒಂದೇ ಒಂದು ಉಪಕಾರ ಮಾಡುತ್ತದೆ. ನೀರು ಆರಿದ ಕಡೆ ಬಿಳಿ ಸುಣ್ಣದ ಗೆರೆ ಬಿಟ್ಟು ಹೋಗುತ್ತದೆ. ಎಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ಆ ಗೆರೆ ಹುಡುಕಿ. ವಾಟರ್ ಪಂಪಿನ ಹೊಟ್ಟೆಯ ಕೆಳಗೆ ಒಂದು ಸಣ್ಣ ತೂತಿರುತ್ತದೆ. ಒಳಗಿನ ಸೀಲ್ ಹೋದಾಗ ನೀರು ಬೇರಿಂಗ್‌ಗೆ ಹೋಗದೆ ಹೊರಗೆ ಬರಲಿ ಎಂದೇ ಅದನ್ನು ಕೊಟ್ಟಿರುವುದು. ಅಲ್ಲಿ ಬಿಳಿ ಅಥವಾ ತುಕ್ಕಿನ ಗೆರೆ ಇದ್ದರೆ ಪಂಪ್ ಕಿಟ್ ಹಾಕಿಸಿ, ಆ ತೂತಿಗೆ ಎಂ-ಸೀಲ್ ಮೆತ್ತಬೇಡಿ. ಮೆತ್ತಿದವರ ಪಂಪ್ ಬೇರಿಂಗ್ ಹಿಡಿದು, ಫ್ಯಾನ್ ಹೋಗಿ ರೇಡಿಯೇಟರ್‌ಗೆ ಹೊಡೆದದ್ದನ್ನು ಕಂಡಿದ್ದೇನೆ. ಫ್ಯಾನ್ ರೆಕ್ಕೆ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಆಟ ಇದ್ದರೂ ಪಂಪ್ ಮುಗಿದಂತೆ. ಬೆಲ್ಟನ್ನು ಬಿಗಿದು ಕಟ್ಟುವ ಅಭ್ಯಾಸವೇ ಬಹುಪಾಲು ಪಂಪುಗಳನ್ನು ಕೊಲ್ಲುವುದು. ಪಂಪ್ ಆದಮೇಲೆ ಹೋಸ್ ತುದಿಗಳು, ಕೆಳಗಿನ ಡ್ರೈನ್ ಕಾಕ್, ಬ್ಲಾಕ್ ಪಕ್ಕದ ದುಂಡು ತಗಡಿನ ಡಮ್ಮಿ ಪ್ಲಗ್‌ಗಳು, ಹೆಡ್ಡು ಬ್ಲಾಕು ಸೇರುವ ಅಂಚು, ಇವಿಷ್ಟನ್ನೂ ಸುತ್ತ ನೋಡಿ. ಡಮ್ಮಿ ಪ್ಲಗ್ ಒಳಗಿನಿಂದ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾಗುತ್ತದೆ, ಬಿಸಿಯಾದಾಗ ಮಾತ್ರ ಚಿಮ್ಮುತ್ತದೆ.

ಕಣ್ಣಿಗೆ ಕಾಣದಿದ್ದರೆ ಪ್ರೆಷರ್ ಟೆಸ್ಟರ್ ಇರುವ ವರ್ಕ್‌ಶಾಪ್‌ಗೆ ಹೋಗಿ. ಸೈಕಲ್ ಪಂಪಿನಷ್ಟೇ ದೊಡ್ಡ ಸಾಮಾನು, ಗೇಜ್ ಇರುತ್ತದೆ. ಕ್ಯಾಪ್ ಜಾಗಕ್ಕೆ ಕೂರಿಸಿ, ಕ್ಯಾಪಿನ ಅಂಕಿಯಷ್ಟೇ ಗಾಳಿ ಹೊಡೆದು ಕಾಲು ಗಂಟೆ ಬಿಡುತ್ತಾರೆ. ಮುಳ್ಳು ಇಳಿಯದಿದ್ದರೆ ತಣ್ಣಗಿನ ಎಂಜಿನ್‌ನಲ್ಲಿ ಸೋರಿಕೆ ಇಲ್ಲ. ಇಳಿಯಿತು, ಹೊರಗೆಲ್ಲೂ ನೀರಿಲ್ಲ ಎಂದರೆ ಆಗ ಒಳಗಿನ ಮಾತು ಶುರು. ಹೆಡ್ ಬಿಚ್ಚಲು ಒಪ್ಪುವ ಮುನ್ನ ಈ ಕಾಲು ಗಂಟೆಯ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳುವುದು ನಿಮ್ಮ ಹಕ್ಕು. ಇದಕ್ಕೆ ಮುಖ ಗಂಟಿಕ್ಕುವ ಮೆಕ್ಯಾನಿಕ್ ಇದ್ದರೆ ಬೇರೆಯವರನ್ನು ನೋಡಿ.

ಒಳಗಿನ ಸೋರಿಕೆಗೆ ಬರೋಣ. ಇಲ್ಲಿ ನೀರಿಗೆ ಎರಡು ದಾರಿ. ಒಂದು ಸಿಲಿಂಡರ್ ಒಳಗೆ, ಇನ್ನೊಂದು ಎಂಜಿನ್ ತಳದ ಆಯಿಲ್ ಚೇಂಬರ್‌ಗೆ. ಎರಡಕ್ಕೂ ಮನೆಯಲ್ಲೇ ನೋಡಬಹುದಾದ ಗುರುತುಗಳಿವೆ.

ಸಿಲಿಂಡರ್ ದಾರಿ: ಹೆಡ್ಡು ಬ್ಲಾಕುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿದ್ದರೆ ಅಥವಾ ಹೆಡ್ ಬಿರುಕಿದ್ದರೆ ನೀರು ಒಳಗೆ ಹೋಗುವುದಕ್ಕಿಂತ ಹೆಚ್ಚಾಗಿ ಉರಿದ ಗ್ಯಾಸು ನೀರಿಗೆ ನುಗ್ಗುತ್ತದೆ, ಏಕೆಂದರೆ ಒತ್ತಡ ಆ ಕಡೆ ಜಾಸ್ತಿ. ನುಗ್ಗಿದ ಗ್ಯಾಸು ನೀರನ್ನು ಪೈಪಿನಿಂದ ಹೊರಗೆ ತಳ್ಳುತ್ತದೆ. ರಾತ್ರಿಯಿಡೀ ನಿಂತ ಎಂಜಿನ್‌ನ ಕ್ಯಾಪ್ ತೆಗೆದು ನೀರು ಮಟ್ಟ ಮಾಡಿ, ಫ್ಯಾನ್ ಬೆಲ್ಟ್ ಕಳಚಿ (ಪಂಪ್ ನೀರು ಕಲಕಬಾರದು), ಸ್ಟಾರ್ಟ್ ಮಾಡಿ ಒಂದು ನಿಮಿಷ ನೋಡಿ. ಮೊದಲು ಬರುವ ನಾಲ್ಕಾರು ಗುಳ್ಳೆ ಲೆಕ್ಕಕ್ಕಿಲ್ಲ. ನಿಲ್ಲದೆ ಒಂದೇ ಸಮ ಗುಳ್ಳೆ ಬರುತ್ತಿದ್ದರೆ, ಆಕ್ಸಿಲರೇಟರ್ ಕೊಟ್ಟಾಗ ಹೆಚ್ಚಾದರೆ, ಗ್ಯಾಸು ನುಗ್ಗುತ್ತಿದೆ. ಎರಡು ನಿಮಿಷಕ್ಕಿಂತ ಹೆಚ್ಚು ಹೀಗೆ ಓಡಿಸಬೇಡಿ. ನೀವು ಪತ್ರದಲ್ಲಿ ಬರೆಯದ ಒಂದು ಸಂಗತಿಯೂ ಇದೆ: ಬೆಲ್ಟ್ ಹಾಕಿ, ಕ್ಯಾಪ್ ಮುಚ್ಚಿ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಮೇಲಿನ ಹೋಸ್ ಎಷ್ಟು ಬೇಗ ಗಟ್ಟಿಯಾಗುತ್ತದೆ? ನೀರು ಬಿಸಿಯಾಗಿ ಗಟ್ಟಿಯಾಗಲು ಹೊತ್ತು ಬೇಕು. ಇನ್ನೂ ತಣ್ಣಗಿರುವಾಗಲೇ ಒಂದೆರಡು ನಿಮಿಷಕ್ಕೆ ಕಲ್ಲಿನಂತಾದರೆ ಅದು ಶಾಖದ ಒತ್ತಡವಲ್ಲ. ಖಚಿತವಾಗಬೇಕೆಂದರೆ ವರ್ಕ್‌ಶಾಪಿನಲ್ಲಿ ನೀಲಿ ದ್ರಾವಣದ ಪರೀಕ್ಷೆ ಇದೆ, ರೇಡಿಯೇಟರ್ ಬಾಯಿಯ ಗಾಳಿಯಲ್ಲಿ ಉರಿದ ಗ್ಯಾಸು ಇದ್ದರೆ ಬಣ್ಣ ಬದಲಾಗುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಐಡ್ಲಿಂಗ್‌ನಲ್ಲಿ ಈ ಗ್ಯಾಸು ತೆಳು, ಆದ್ದರಿಂದ ಲೋಡ್ ಮೇಲೆ ಓಡಿಸಿ ತಂದಮೇಲೆ ಮಾಡಿಸಬೇಕು.

ಆಯಿಲ್ ದಾರಿ: ನಿಮ್ಮ ಎಚ್‌ಎಂಟಿ ಝೆಕ್ ಕಂಪನಿ ಝೆಟರ್‌ನ ವಿನ್ಯಾಸದಿಂದ ಬಂದದ್ದು, ವೆಟ್ ಲೈನರ್ ಎಂಜಿನ್. ಲೈನರ್ ನೀರಿನಲ್ಲೇ ನಿಂತಿರುತ್ತದೆ, ಕೆಳಗೆ ರಬ್ಬರ್ ಓ ರಿಂಗ್‌ಗಳು ನೀರನ್ನು ಆಯಿಲ್‌ಗೆ ಇಳಿಯದಂತೆ ತಡೆಯುತ್ತವೆ. ಮ್ಯಾಸಿ 1035ರಂಥ ಡ್ರೈ ಲೈನರ್ ಎಂಜಿನ್‌ಗಳಲ್ಲಿ ಈ ತೊಂದರೆಯೇ ಇಲ್ಲ, ಹಾಗಾಗಿ ಮ್ಯಾಸಿ ಇರುವ ನೆಂಟರ ಅನುಭವವನ್ನು ನಿಮ್ಮ ಗಾಡಿಗೆ ಅನ್ವಯಿಸಬೇಡಿ. ಆಯಿಲ್ ಕಪ್ಪಗೇ ಇದೆ ಎನ್ನುವುದು ಒಳ್ಳೆಯ ಸುದ್ದಿ, ಆದರೆ ಪೂರ್ತಿ ಭರವಸೆ ಅಲ್ಲ. ಹಾಲು ಬೆರೆಸಿದ ಕಾಫಿಯ ಬಣ್ಣ ಬರುವಷ್ಟರಲ್ಲಿ ಸಾಕಷ್ಟು ನೀರು ಸೇರಿರುತ್ತದೆ. ಅದಕ್ಕೆ ಮುಂಚೆ ಹಿಡಿಯಲು, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಚೇಂಬರ್ ನಟ್ಟನ್ನು ನಿಧಾನವಾಗಿ ಸಡಿಲಿಸಿ. ನೀರು ಭಾರ, ರಾತ್ರಿಯೆಲ್ಲ ತಳಕ್ಕಿಳಿದಿರುತ್ತದೆ. ಆಯಿಲಿಗಿಂತ ಮುಂಚೆ ನೀರಿನ ಹನಿ ಬಂದರೆ ಉತ್ತರ ಸಿಕ್ಕಿತು. ಅನುಮಾನವಿದ್ದರೆ ಕಾದ ಕಬ್ಬಿಣದ ತಗಡಿನ ಮೇಲೆ ಆಯಿಲಿನ ಒಂದು ತೊಟ್ಟು ಹಾಕಿ, ಮುಖ ದೂರವಿಟ್ಟು. ನೀರಿದ್ದರೆ ಚಟಚಟ ಸಿಡಿಯುತ್ತದೆ, ಇಲ್ಲದಿದ್ದರೆ ಸುಮ್ಮನೆ ಹೊಗೆಯಾಡುತ್ತದೆ. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ತಾನೇ ಏರುತ್ತಿದ್ದರೂ ಅದೇ ಅರ್ಥ (ಡೀಸೆಲ್ ಇಳಿದರೂ ಏರುತ್ತದೆ, ವಾಸನೆಯಲ್ಲಿ ಗೊತ್ತಾಗುತ್ತದೆ). ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ಬಿಳಿ ಕೆನೆ ಕಂಡು ಡಿಪ್ ಸ್ಟಿಕ್ ಸ್ವಚ್ಛ ಇದ್ದರೆ ಹೆದರಬೇಡಿ. ಅದು ಚಳಿಗೆ ಕಟ್ಟಿದ ತೇವ, ಥರ್ಮೋಸ್ಟಾಟ್ ಇಲ್ಲದ ಎಂಜಿನ್‌ನಲ್ಲಿ ಸಹಜ.

ನಿಮ್ಮ ಬಿಳಿ ಹೊಗೆಯೂ ಬಹುಶಃ ಅದೇ ಕಥೆ. ತಣ್ಣಗಿನ ಡೀಸೆಲ್ ಎಂಜಿನ್ ಪೂರ್ತಿ ಉರಿಯದ ಡೀಸೆಲನ್ನೇ ಬಿಳಿ ಹೊಗೆಯಾಗಿ ಬಿಡುತ್ತದೆ, ಕಣ್ಣು ಉರಿಯುತ್ತದೆ. ನೀರಿನ ಹಬೆಗೆ ಆ ಘಾಟಿಲ್ಲ, ಎಂಜಿನ್ ಕಾದಮೇಲೂ ಅದು ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ ಎಂದು ನೀವೇ ಬರೆದಿದ್ದೀರಿ.

ಥರ್ಮೋಸ್ಟಾಟ್ ತೆಗೆದರೆ ಎಂಜಿನ್ ತಂಪಾಗಿರುತ್ತದೆ ಎನ್ನುವ ನಂಬಿಕೆ ನಮ್ಮ ದಾವಣಗೆರೆ, ನಿಮ್ಮ ಚಿತ್ರದುರ್ಗ ಎರಡೂ ಜಿಲ್ಲೆಯಲ್ಲಿ ಗಟ್ಟಿಯಾಗಿ ಬೇರೂರಿದೆ. ಖಾಲಿ ಓಡುವಾಗ ತಂಪಾಗಿರುವುದು ನಿಜ, ಅದೇ ತೊಂದರೆ: ಎಂಜಿನ್ ಬೇಗ ಕಾಯದೆ ಡೀಸೆಲ್ ಹೆಚ್ಚು ತಿನ್ನುತ್ತದೆ, ಲೈನರ್ ಬೇಗ ಸವೆಯುತ್ತದೆ. ಇನ್ನು ಬೈಪಾಸ್ ಇರುವ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿ ಮುಚ್ಚಬೇಕು. ಅದೇ ಇಲ್ಲವಾದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಕಡೆ ಹೋಗದೆ ಮತ್ತೆ ಎಂಜಿನ್‌ಗೇ ಸುತ್ತುತ್ತದೆ, ಲೋಡ್ ಬಿದ್ದಾಗ ಕಾವು ಏರುತ್ತದೆ. ಹೊಸದು ಹಾಕಿಸಿ.

ಅರಿಶಿನದ ಬಗ್ಗೆ ನಗುವುದಿಲ್ಲ. ಪುಡಿ ಉಬ್ಬಿ ರೇಡಿಯೇಟರಿನ ಸೂಜಿತೂತಿಗೆ ಕೂತು ನಿಲ್ಲಿಸುವುದುಂಟು. ನಡುದಾರಿಯಲ್ಲಿ ಲೋಡ್ ಸಮೇತ ನಿಂತಾಗ ಮನೆ ಮುಟ್ಟಲು ಒಂದು ಚಮಚ ಹಾಕಿದರೆ ನಾನು ಬೈಯುವುದಿಲ್ಲ. ಆದರೆ ಅದು ತೂತನ್ನು ಮಾತ್ರ ಹುಡುಕಿಕೊಂಡು ಹೋಗುವುದಿಲ್ಲ, ಸುಣ್ಣ ಕಟ್ಟಿ ಅರ್ಧ ಮುಚ್ಚಿರುವ ಟ್ಯೂಬುಗಳಲ್ಲೂ ಕೂರುತ್ತದೆ. ಅಂಗಡಿಯ ಲೀಕ್ ಸ್ಟಾಪ್ ಡಬ್ಬಿಗೂ ಇದೇ ಮಾತು. ನಿಮ್ಮದು ಕಾವಿಗೆ ಸಂಬಂಧಿಸಿದ ತೊಂದರೆಯಂತೆ ಕಾಣುವುದರಿಂದ ಎರಡೂ ಬೇಡ. ಟಾಯ್ಲೆಟ್ ಆಸಿಡ್ ಹಾಕಿ ರೇಡಿಯೇಟರ್ ತೊಳೆಯುವುದಂತೂ ಬೇಡವೇ ಬೇಡ. ಸುಣ್ಣದ ಜೊತೆ ಹಿತ್ತಾಳೆ ಟ್ಯೂಬು, ಬೆಸುಗೆ ಎರಡನ್ನೂ ಅದು ತಿನ್ನುತ್ತದೆ. ಕಾದು ಕೆಂಪಾದ ಎಂಜಿನ್‌ಗೆ ಕೊಡದಿಂದ ತಣ್ಣೀರು ಸುರಿಯುವುದು ಚೆನ್ನಾಗಿರುವ ಹೆಡ್ಡನ್ನೂ ಬಿರುಕು ಬಿಡಿಸುವ ದಾರಿ. ಬಿಸಿ ಇರುವಾಗ ಕ್ಯಾಪ್ ತೆಗೆದು ಮುಖ, ಎದೆ ಬೇಯಿಸಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಅರ್ಧ ಗಂಟೆ ಕಾಯಿರಿ.

ಹಾಗಾದರೆ ಏನು ಮಾಡುವುದು? ನಿಮ್ಮ ಜಾಗದಲ್ಲಿ ನಾನಿದ್ದರೆ ಹೊಸ ಕ್ಯಾಪ್, ಥರ್ಮೋಸ್ಟಾಟ್, ಎರಡು ಹೋಸ್, ಕ್ಲಿಪ್ ಇಷ್ಟನ್ನು ಈ ವಾರ ಹಾಕಿಸಿ, ರೇಡಿಯೇಟರ್ ಇಳಿಸಿ ರಾಡ್ ಹೊಡೆಸುತ್ತೇನೆ (ಟ್ಯೂಬುಗಳೊಳಗೆ ಸಲಾಕೆ ತೂರಿಸಿ ಸುಣ್ಣ ತೆಗೆಸುವುದು). ಇಷ್ಟು ವರ್ಷ ಬರೀ ಬೋರ್ ನೀರು ಕುಡಿದ ರೇಡಿಯೇಟರ್ ಒಳಗೆ ಸುಣ್ಣ ಇಲ್ಲದೆ ಇರಲು ಸಾಧ್ಯವಿಲ್ಲ. ಕಬ್ಬಿಣಕ್ಕೆ ಹೋಲಿಸಿದರೆ ಆ ಸುಣ್ಣದ ಪದರ ಶಾಖ ದಾಟಿಸುವುದು ಹತ್ತಾರು ಪಟ್ಟು ಕಡಿಮೆ. ಇದರಲ್ಲಿ ಒಂದು ಅಪಾಯವಿದೆ, ಮೊದಲೇ ಹೇಳಿಬಿಡುತ್ತೇನೆ: ತೂತು ಬಿದ್ದ ಕಡೆ ಸುಣ್ಣವೇ ತಡೆಯಾಗಿ ನಿಂತಿದ್ದರೆ, ತೊಳೆದ ಮೇಲೆ ಹೊಸ ಲೀಕು ಕಾಣಿಸುತ್ತದೆ. ಆಗ ರಿಪೇರಿಯವರು ಕೆಡಿಸಿದರು ಎಂದುಕೊಳ್ಳಬೇಡಿ. ಬೆಸುಗೆಗೆ ಬಗ್ಗದಿದ್ದರೆ ಕೋರ್ ಬದಲಿಸಬೇಕಾಗಬಹುದು.

ಇಷ್ಟಾದಮೇಲೂ ನೀರು ಹೋಗುತ್ತಿದ್ದು, ಗುಳ್ಳೆ ಪರೀಕ್ಷೆಯೂ ಹೌದು ಎಂದರೆ, ಹೆಡ್ ಇಳಿಸಿ. ಆಗ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಲು ಬಿಡಬೇಡಿ. ಗ್ಯಾಸ್ಕೆಟ್ ಯಾಕೆ ಹೋಯಿತು ಎನ್ನುವುದಕ್ಕೆ ಉತ್ತರ ಬೇಕು. ಹೆಡ್ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್‌ನಿಂದ ಸೊಟ್ಟ ನೋಡಬೇಕು, ಲೇತ್‌ನವರಲ್ಲಿ ಬಿರುಕಿನ ಪ್ರೆಷರ್ ಟೆಸ್ಟ್ ಆಗಬೇಕು. ಸೊಟ್ಟ ಇದ್ದರೆ ಮಾತ್ರ ಫೇಸಿಂಗ್, ಅಂದರೆ ಉಜ್ಜಿ ಸಮ ಮಾಡಿಸುವುದು. ಹಿಂದೆ ಎಷ್ಟು ಸಲ ಉಜ್ಜಿದ್ದಾರೋ ಗೊತ್ತಿಲ್ಲದ ಹೆಡ್ಡನ್ನು ಮತ್ತೆ ಮತ್ತೆ ಉಜ್ಜಿದರೆ ವಾಲ್ವು ಪಿಸ್ಟನ್ ಅಂತರ ಕಡಿಮೆಯಾಗುತ್ತದೆ. ಬೋಲ್ಟುಗಳನ್ನು ನಡುವಿನಿಂದ ಹೊರಗಿನ ಕಡೆಗೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ವ್ರೆಂಚ್‌ನಲ್ಲೇ ಬಿಗಿಯಬೇಕು. ‘ಕೈ ಅಂದಾಜು ಸಾಕು’ ಎನ್ನುವವರ ಕೈಯಲ್ಲಿ ಈ ಕೆಲಸ ಮಾಡಿಸಬೇಡಿ.

ಲೈನರ್ ಕಿಟ್? ಚೇಂಬರ್‌ನಲ್ಲಿ ನೀರು ಸಿಕ್ಕರೆ ಮಾತ್ರ. ಅದಕ್ಕೂ ಮುಂಚೆ ಚೇಂಬರ್ ಇಳಿಸಿ, ರೇಡಿಯೇಟರ್‌ಗೆ ಪ್ರೆಷರ್ ಹಾಕಿ, ಕೆಳಗಿನಿಂದ ಟಾರ್ಚ್ ಹಿಡಿದು ಯಾವ ಲೈನರ್ ಬುಡ ಒದ್ದೆಯಾಗುತ್ತದೆ ನೋಡಬೇಕು. ಓ ರಿಂಗ್ ಕೂರುವ ಬ್ಲಾಕಿನ ಜಾಗ ತುಕ್ಕಿಗೆ ಕುಳಿ ಬಿದ್ದಿದ್ದರೆ ಹೊಸ ರಿಂಗೂ ನಿಲ್ಲುವುದಿಲ್ಲ. ಲೈನರ್ ಕಾಲರ್ (ಮೇಲಿನ ಅಂಚು) ಬ್ಲಾಕಿಗಿಂತ ಮ್ಯಾನ್ಯುಯಲ್ ಹೇಳಿದಷ್ಟು ಕೂದಲೆಳೆ ಮೇಲಿರಬೇಕು, ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ ಮತ್ತೆ ಹೋಗುತ್ತದೆ. ಚೇಂಬರ್‌ಗೆ ನೀರು ಬರುತ್ತಿದೆ ಎಂದು ಗೊತ್ತಾದ ದಿನದಿಂದ ಗಾಡಿ ಓಡಿಸಬೇಡಿ, ಬೇರಿಂಗ್ ಹೋದರೆ ಕ್ರ್ಯಾಂಕ್ ಕೂಡ ಹೋಗುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದಾಗ ‘ಟಕ್’ ಎಂದು ನಿಂತರೆ, ಇನ್ನೊಂದು ಟ್ರ್ಯಾಕ್ಟರ್ ಕಟ್ಟಿ ಎಳೆಸುವ ಕೆಲಸ ಮಾಡಲೇಬೇಡಿ. ಸಿಲಿಂಡರ್‌ನಲ್ಲಿ ನೀರು ತುಂಬಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜೆಕ್ಟರ್ ಬಿಚ್ಚಿ ತಿರುಗಿಸಿ ನೋಡಬೇಕು.

ಮಾರುವ ವಿಷಯ. ಹರಿಯಾಣದ ಪಿಂಜೋರ್‌ನಲ್ಲಿ 1971ರಲ್ಲಿ ಶುರುವಾದ ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಕಂಪನಿಯ ಬಿಡಿಭಾಗ ಇನ್ನು ಸಿಗುವುದು ಅದೃಷ್ಟ. ಹೊರಗಿನವರು ಮಾಡಿದ್ದು ಸಿಗುತ್ತದೆ, ಗುಣಮಟ್ಟ ಒಂದೇ ಸಮ ಇರುವುದಿಲ್ಲ. ಗ್ಯಾಸ್ಕೆಟ್, ಓ ರಿಂಗ್ ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ನೀರಿನ ತೂತುಗಳು ಒಂದೊಂದೂ ಹೊಂದುತ್ತವೆಯೇ ನೋಡಿ. ಹೆಡ್ ಬಿರುಕು, ಬ್ಲಾಕ್ ಕುಳಿ ಎರಡೂ ಇದೆ ಎಂದು ಗೊತ್ತಾದರೆ ಆಗ ಮಾರುವ ಯೋಚನೆ ಮಾಡಿ. ಸತ್ತ ಕ್ಯಾಪ್ ಇಟ್ಟುಕೊಂಡು ‘ನೀರು ಕುಡಿಯುವ ಗಾಡಿ’ ಎಂದು ಹೆಸರು ಬಂದಮೇಲೆ ಮಾರಿದರೆ ಗಾಡಿ ತೆಗೆದುಕೊಂಡವನಿಗೆ ಲಾಭ.

ರಿಪೇರಿ ಯಾವುದೇ ಆಗಲಿ, ಕೊನೆಗೆ ಒಳಗೆ ಹಾಕುವುದು ಬೋರ್ ನೀರಾಗಬಾರದು. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಯಾಕೆ ಎನ್ನುತ್ತಾರೆ. ಹೆಪ್ಪುಗಟ್ಟುವುದನ್ನು ತಡೆಯುವುದು ಅದರ ಒಂದು ಗುಣ ಮಾತ್ರ. ನಿಮಗೆ ಬೇಕಿರುವುದು ತುಕ್ಕು ತಡೆ. ವೆಟ್ ಲೈನರ್ ಪ್ರತಿ ಉರಿತಕ್ಕೂ ಅದುರುತ್ತದೆ, ಹೊರಮೈಯಲ್ಲಿ ಸಣ್ಣ ಗುಳ್ಳೆಗಳು ಹುಟ್ಟಿ ಒಡೆದು ಲೋಹವನ್ನು ಕೆರೆಯುತ್ತವೆ, ವರ್ಷಗಳಲ್ಲಿ ಲೈನರ್ ತೂತಾಗುವುದೂ ಉಂಟು. ಡೀಸೆಲ್ ಎಂಜಿನ್‌ಗೆಂದೇ ಮಾಡಿದ ಕೂಲಂಟ್‌ನಲ್ಲಿ ಇದನ್ನು ತಡೆಯುವ ಅಂಶ ಇರುತ್ತದೆ. ಬಣ್ಣ ನೋಡಿ ಕೊಳ್ಳಬೇಡಿ, ಡಬ್ಬಿಯ ಮೇಲಿನದನ್ನು ಓದಿ. ಬೆರೆಸುವ ಜಾತಿಯದಾದರೆ ಡಿಸ್ಟಿಲ್ಡ್ ವಾಟರ್, ಅದಿಲ್ಲದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದ ನೀರು ನಡೆಯುತ್ತದೆ, ಪ್ರಮಾಣ ಡಬ್ಬಿ ಹೇಳಿದಷ್ಟೇ. ಕೂಲಂಟ್ ಇಲ್ಲದೆ ಬರೀ ಆ ಶುದ್ಧ ನೀರು ಹಾಕಿದರೆ ತುಕ್ಕು ಇನ್ನೂ ಬೇಗ ಬರುತ್ತದೆ. ಇಳಿಸಿದ ಹಳೆ ಕೂಲಂಟನ್ನು ಕೊಟ್ಟಿಗೆಯಲ್ಲಿ ಬಕೆಟ್‌ನಲ್ಲಿ ಬಿಡಬೇಡಿ. ಅದು ಸಿಹಿ, ವಿಷ. ದನ, ನಾಯಿ ಬಾಯಿ ಹಾಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮುಚ್ಚಳವಿರುವ ಕ್ಯಾನಿಗೆ ಹಾಕಿ ವರ್ಕ್‌ಶಾಪ್‌ಗೆ ಕೊಡಿ.